ಬೀದಿಯವರೇ ರಾತ್ರಿ ಗಸ್ತು ತಿರುಗಿದರೆ ಕಳ್ಳತನ ನಿಲ್ಲುತ್ತದೆಯೇ?

ರಾತ್ರಿ ಎರಡು ಗಂಟೆಗೆ ದೂರದಲ್ಲೆಲ್ಲೋ ಸೀಟಿ ಕೇಳುತ್ತದೆ, ಆಮೇಲೆ ರಸ್ತೆಗೆ ಕೋಲು ಕುಟ್ಟುವ ಸದ್ದು. ಗೂರ್ಖಾ ಬಂದ ಎಂದುಕೊಂಡು ಮಗ್ಗುಲು ಬದಲಿಸಿ ಮಲಗುತ್ತೇವೆ. ಚಿಕ್ಕವರಿದ್ದಾಗ ನಮ್ಮಲ್ಲಿ ಅನೇಕರು ಮನೆಯಲ್ಲಿ ಕೇಳಿರುವ ಪ್ರಶ್ನೆಯೊಂದಿದೆ: ಹೀಗೆ ಸೀಟಿ ಊದಿಕೊಂಡು ಬಂದರೆ ಅವನು ಎಲ್ಲಿದ್ದಾನೆಂದು ಕಳ್ಳನಿಗೇ ಗೊತ್ತಾಗಿಬಿಡುವುದಿಲ್ಲವೇ? ದೊಡ್ಡವರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಆ ಪ್ರಶ್ನೆಯಲ್ಲಿ ಹುರುಳಿದೆ. ಅಪರಾಧ ತಡೆಯ ಬಗ್ಗೆ ಅಧ್ಯಯನ ಮಾಡುವವರು ಐವತ್ತು ವರ್ಷಗಳಿಂದ ಹೆಚ್ಚುಕಡಿಮೆ ಇದನ್ನೇ ಕೇಳುತ್ತಿದ್ದಾರೆ.

ಗೂರ್ಖಾ ಇಲ್ಲದ ಬಡಾವಣೆಗಳಲ್ಲಿ ಈ ಕೆಲಸಕ್ಕೆ ಊರವರೇ ಇಳಿಯುವುದುಂಟು. ನಮ್ಮ ಬೀದಿಯಲ್ಲೂ ಹಾಗೆಯೇ ಆಯಿತು. ಒಂದು ಮನೆಯ ಬೀಗ ಒಡೆದು ಒಡವೆ ಹೋಯಿತು. ಮರುದಿನವೇ ವಾಟ್ಸಾಪ್ ಗುಂಪು ಹುಟ್ಟಿತು, ರಾತ್ರಿಗೆ ನಾಲ್ಕು ಜನರಂತೆ ಸರದಿ ಹಾಕಲಾಯಿತು, ಟಾರ್ಚು, ಕೋಲು, ಫ್ಲಾಸ್ಕಿನಲ್ಲಿ ಚಹಾ ಎಲ್ಲ ತಯಾರಾಯಿತು. ಮೂರು ವಾರ ನಡೆಯಿತು. ಆಮೇಲೆ ಒಬ್ಬರಿಗೆ ಬೆಳಗಿನ ಶಿಫ್ಟು, ಇನ್ನೊಬ್ಬರಿಗೆ ಬೆನ್ನುನೋವು, ಗಸ್ತು ತಾನಾಗಿಯೇ ನಿಂತಿತು. ಅಷ್ಟು ದಿನ ಇನ್ನೊಂದು ಕಳ್ಳತನ ಆಗಲಿಲ್ಲ. ‘ನೋಡಿ, ಕೆಲಸ ಮಾಡಿತು’ ಎಂದು ಎಲ್ಲರೂ ಒಪ್ಪಿದರು. ನಾನೂ ಒಪ್ಪಿದ್ದೆ.

ನಿಜಕ್ಕೂ ಕೆಲಸ ಮಾಡಿತೇ? ಸಂಶೋಧನೆಗಳು ಕೊಡುವ ಉತ್ತರ ಸ್ವಲ್ಪ ಇಕ್ಕಟ್ಟಿನದು. ಸುಮ್ಮನೆ ರಸ್ತೆ ರಸ್ತೆ ತಿರುಗುವ ಗಸ್ತಿನಿಂದ ಕಳ್ಳತನ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಆದರೆ ನೆರೆಹೊರೆಯವರ ಕಣ್ಣು ಸರಿಯಾದ ಜಾಗದಲ್ಲಿ, ಸರಿಯಾದ ವಾರದಲ್ಲಿ ನೆಟ್ಟಿದ್ದರೆ ಪ್ರಯೋಜನ ಇದೆ. ಜೊತೆಗೆ, ಕಣ್ಣು ತಪ್ಪು ಮನುಷ್ಯನ ಮೇಲೆ ನೆಟ್ಟರೆ ಆಗುವ ಅನಾಹುತವನ್ನು ಕರ್ನಾಟಕವೇ ಕಂಡಿದೆ.

ಊರ ಕಾವಲು ಹೊಸದೇನಲ್ಲ

ಹಳೆಯ ಆಯಗಾರ ಪದ್ಧತಿಯಲ್ಲಿ ಶಾನುಭೋಗ, ನೀರಗಂಟಿಗಳ ಜೊತೆಗೆ ತಳವಾರ ಮತ್ತು ತೋಟಿ ಇದ್ದರು. ಊರಿಗೆ ಬಂದವರು ಯಾರು, ಹೋದವರು ಯಾರು ಎಂದು ತಿಳಿದಿರಬೇಕಾದವನು ತಳವಾರ. ಕದ್ದ ಮಾಲು ಪತ್ತೆಯಾಗದಿದ್ದರೆ ನಷ್ಟದ ಹೊಣೆಯೂ ಕೆಲವು ಕಡೆ ಅವನ ತಲೆಗೇ ಬರುತ್ತಿತ್ತು. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು ನಮ್ಮ ರಾಜ್ಯ 1961ರ ಕಾಯ್ದೆಯಿಂದ ರದ್ದು ಮಾಡಿತು. 1964ರಲ್ಲಿ ಗ್ರಾಮ ರಕ್ಷಣಾ ದಳಗಳಿಗೆಂದೇ ಇನ್ನೊಂದು ಕಾಯ್ದೆ ಬಂತು. ಈಗ ಜಗತ್ತಿನ ಹಲವೆಡೆ ಕಾಣುವ ‘ನೇಬರ್‌ಹುಡ್ ವಾಚ್’ ಎಂಬ ಮಾದರಿಯನ್ನು ದೇಶಮಟ್ಟದ ಕಾರ್ಯಕ್ರಮವಾಗಿ ಶುರು ಮಾಡಿದ್ದು 1972ರಲ್ಲಿ, ಅಮೆರಿಕದ ಶೆರಿಫರ ಸಂಘ. ಬ್ರಿಟನ್ನಿನಲ್ಲಿ ಅದು 1982ರಲ್ಲಿ ಚೆಷೈರ್‌ನ ಮಾಲಿಂಗ್ಟನ್ ಎಂಬ ಹಳ್ಳಿಯಿಂದ ಆರಂಭವಾಯಿತು.

ಅಲ್ಲಿನ ಮೂಲ ಮಾದರಿಯಲ್ಲಿ ಕೋಲು ಹಿಡಿದು ತಿರುಗುವುದು ಮುಖ್ಯವೇ ಅಲ್ಲ. ನೋಡುವುದು, ಪೊಲೀಸರಿಗೆ ತಿಳಿಸುವುದು, ಅಷ್ಟೇ. ಕೋಲು ಆಮೇಲೆ ಸೇರಿಕೊಂಡದ್ದು.

ತಿರುಗಾಟದಿಂದ ಏನಾಗುತ್ತದೆ?

ಪೊಲೀಸರಿಂದಲೇ ಆರಂಭಿಸೋಣ. 1972-73ರಲ್ಲಿ ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಒಂದು ವರ್ಷ ಕಾಲ ದಿಟ್ಟ ಪ್ರಯೋಗ ನಡೆಯಿತು. 15 ಬೀಟ್‌ಗಳನ್ನು ಐದೈದರಂತೆ ಮೂರು ಗುಂಪು ಮಾಡಿದರು. ಒಂದರಲ್ಲಿ ಗಸ್ತು ವಾಹನ ತಿರುಗುವುದನ್ನೇ ನಿಲ್ಲಿಸಿ, ಕರೆ ಬಂದಾಗ ಮಾತ್ರ ಹೋಗತೊಡಗಿದರು. ಇನ್ನೊಂದರಲ್ಲಿ ಗಸ್ತು ಎಂದಿನಂತೆ ಇತ್ತು. ಮೂರನೆಯದರಲ್ಲಿ ಅದನ್ನು ಎರಡು ಮೂರು ಪಟ್ಟು ಹೆಚ್ಚಿಸಿದರು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಮೂರೂ ಕಡೆ ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಜನರ ಭಯದಲ್ಲೂ ವ್ಯತ್ಯಾಸ ಇರಲಿಲ್ಲ. ಗಸ್ತು ಹೆಚ್ಚು ಕಡಿಮೆಯಾದದ್ದು ಬಹುಪಾಲು ಜನರ ಗಮನಕ್ಕೇ ಬಂದಿರಲಿಲ್ಲ.

ಸಮವಸ್ತ್ರ ತೊಟ್ಟ ಪೊಲೀಸರ ತಿರುಗಾಟಕ್ಕೇ ಈ ಗತಿಯಾದರೆ ಸ್ವಯಂಸೇವಕರದ್ದು? ಲಂಡನ್ನಿನ ಎರಡು ಪ್ರದೇಶಗಳಲ್ಲಿ 1980ರ ದಶಕದಲ್ಲಿ ಟ್ರೆವರ್ ಬೆನೆಟ್ ಎಂಬ ಅಪರಾಧಶಾಸ್ತ್ರಜ್ಞರು ನೆರೆಕಾವಲು ಯೋಜನೆಗಳನ್ನು ಅಳೆದು ನೋಡಿದರು. ಕಳ್ಳತನ ಇಳಿಯಲಿಲ್ಲ. ಅದೇ ಬೆನೆಟ್ ಇನ್ನಿಬ್ಬರ ಜೊತೆ ಸೇರಿ 2008ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿದಾಗ ಚಿತ್ರ ಸ್ವಲ್ಪ ಬದಲಾಯಿತು: ನೆರೆಕಾವಲು ಇರುವಲ್ಲಿ ಅಪರಾಧ ಶೇಕಡಾ 16ರಿಂದ 26ರಷ್ಟು ಕಡಿಮೆ ಎಂಬ ಅಂದಾಜು ಸಿಕ್ಕಿತು. ಕಡಿಮೆಯಾದದ್ದು ಏಕೆ ಎಂಬುದು ಮಾತ್ರ ಆ ಅಧ್ಯಯನಗಳಿಂದ ಸ್ಪಷ್ಟವಾಗಲಿಲ್ಲ. ಅನೇಕ ಕಡೆ ನೆರೆಕಾವಲಿನ ಜೊತೆಗೆ ಮನೆಗಳ ಬೀಗ ಬಲಪಡಿಸುವುದು, ವಸ್ತುಗಳ ಮೇಲೆ ಗುರುತು ಹಾಕುವುದು ಇವೆಲ್ಲ ಒಟ್ಟಿಗೇ ನಡೆದಿದ್ದವು.

ಇಲ್ಲಿ ಇನ್ನೊಂದು ಮೋಸವೂ ಅಡಗಿದೆ. ಜ್ವರ ವಿಪರೀತವಾದ ದಿನವೇ ನಾವು ಕಷಾಯ ಕುಡಿಯುವುದು. ಮೂರನೇ ದಿನ ಇಳಿಯಬೇಕಿದ್ದ ಜ್ವರ ಮೂರನೇ ದಿನವೇ ಇಳಿಯುತ್ತದೆ, ಹೆಸರು ಕಷಾಯಕ್ಕೆ ಹೋಗುತ್ತದೆ. ಗಸ್ತು ಶುರುವಾಗುವುದೂ ಕಳ್ಳತನ ಏರಿದಾಗಲೇ. ಒಂದೇ ತಿಂಗಳಲ್ಲಿ ಮೂರು ಮನೆಗೆ ಕನ್ನ ಬಿದ್ದ ಬೀದಿಯಲ್ಲಿ ಮುಂದಿನ ತಿಂಗಳು ಏನೂ ಮಾಡದಿದ್ದರೂ ಸಂಖ್ಯೆ ಇಳಿಯುವ ಸಂಭವವೇ ಹೆಚ್ಚು, ಏಕೆಂದರೆ ಮೂರು ಎಂಬುದೇ ಆ ಬೀದಿಗೆ ಅಸಹಜವಾದ ಏರಿಕೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯತ್ತ ಮರಳುವುದು ಎನ್ನುತ್ತಾರೆ. ನಮ್ಮ ಬೀದಿಯ ಮೂರು ವಾರದ ಯಶಸ್ಸನ್ನು ಈಗ ನಾನು ಈ ಕನ್ನಡಕದಲ್ಲೇ ನೋಡುತ್ತೇನೆ.

ಮತ್ತೆ ಸೀಟಿಗೆ ಬರೋಣ. ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ಜಾಲಾಡಿದಾಗ ಸುಮಾರು ಶೇಕಡಾ 3ರಷ್ಟು ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬಂದಿದ್ದವು ಎಂದು 1989ರಲ್ಲಿ ಲಾರೆನ್ಸ್ ಶೆರ್ಮನ್ ಮತ್ತು ಸಂಗಡಿಗರು ತೋರಿಸಿದರು. ಅಂದರೆ ಅಪರಾಧ ಊರ ತುಂಬ ಸಮನಾಗಿ ಹರಡಿರುವುದಿಲ್ಲ, ಕೆಲವೇ ಮೂಲೆಗಳಲ್ಲಿ ಗುಡ್ಡೆ ಬಿದ್ದಿರುತ್ತದೆ. ಅಂಥ ಮೂಲೆಗಳಲ್ಲಿ ಪೊಲೀಸರು ಸುಮ್ಮನೆ ಹಾದುಹೋದರೆ ಪರಿಣಾಮ ಅಲ್ಪ, 10ರಿಂದ 15 ನಿಮಿಷ ನಿಂತು ಹೋದರೆ ಅವರು ಹೋದ ಮೇಲೂ ಸ್ವಲ್ಪ ಹೊತ್ತು ಶಾಂತಿ ಉಳಿಯುತ್ತದೆ ಎಂಬುದು ಅದೇ ನಗರದ ಮಾಹಿತಿಯಿಂದ 1995ರಲ್ಲಿ ಹೊರಬಂದ ಇನ್ನೊಂದು ಲೆಕ್ಕ. ಹಾಗಾಗಿ ಗೂರ್ಖಾನ ಸೀಟಿಯ ತೊಂದರೆ ಸದ್ದಿನಲ್ಲಿ ಇಲ್ಲ. ಕಾವಲಿದೆ ಎಂದು ಸಾರುವುದೇ ಅದರ ಉದ್ದೇಶ. ತೊಂದರೆ ಇರುವುದು ಅವನೊಬ್ಬನೇ ಹತ್ತು ಬೀದಿ ಸುತ್ತಬೇಕಾಗಿರುವುದರಲ್ಲಿ. ಸೀಟಿ ಒಂದು ಬೀದಿ ದಾಟಿದರೆ ಮತ್ತೆ ಬರಲು ಎಷ್ಟು ಹೊತ್ತಾಗುತ್ತದೆ ಎಂದು ಎರಡು ರಾತ್ರಿ ಕೂತು ಕೇಳಿದವರಿಗೆ ತಿಳಿಯುತ್ತದೆ.

ಇನ್ನು ರಾತ್ರಿಯ ಗಸ್ತು ಹಗಲಿನ ಕಳ್ಳತನವನ್ನಂತೂ ತಡೆಯಲಾರದು. ಪೊಲೀಸ್ ಲೆಕ್ಕದಲ್ಲಿ ಹಗಲು ಕನ್ನ, ರಾತ್ರಿ ಕನ್ನ ಎಂದು ಬೇರೆ ಬೇರೆ ಬರೆಯುತ್ತಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಬೀದಿ ಹೇಗಿರುತ್ತದೆ ಎಂದು ಒಮ್ಮೆ ನೆನಪಿಸಿಕೊಳ್ಳಿ.

ಸೂರೆ ಹೋದ ಮೇಲೂ ದಿಡ್ಡಿ ಬಾಗಿಲು

‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ’ ಎಂದು ನಾವು ನಗುತ್ತೇವೆ. ಮನೆಗಳ್ಳತನದ ಮಟ್ಟಿಗೆ ಈ ಗಾದೆ ದಾರಿ ತಪ್ಪಿಸುತ್ತದೆ. ಒಮ್ಮೆ ಕಳ್ಳ ಬಂದುಹೋದ ಮನೆಗೆ ಇನ್ನು ಬರಲಾರ ಎಂದು ನಂಬುವವರೇ ಹೆಚ್ಚು. ಅಧ್ಯಯನಗಳು ಹೇಳುವುದು ತಿರುಗಿ: ಬಾಗಿಲು ಭದ್ರ ಮಾಡಲು ಅತಿ ತುರ್ತಿನ ಸಮಯ ಎಂದರೆ ಸೂರೆ ಹೋದ ಮರುದಿನ.

ಇದನ್ನು ಮನದಟ್ಟು ಮಾಡಿದ್ದು ಇಂಗ್ಲೆಂಡಿನ ರೋಚ್‌ಡೇಲ್ ಪಟ್ಟಣದ ಕಿರ್ಕ್‌ಹೋಲ್ಟ್ ಎಂಬ ವಸತಿ ಪ್ರದೇಶ. ಸುಮಾರು 2,280 ಮನೆಗಳು, ಹೆಚ್ಚಿನವು ಬಾಡಿಗೆಗೆ ಕೊಟ್ಟ ಸಾರ್ವಜನಿಕ ಮನೆಗಳು. 1980ರ ದಶಕದ ಮಧ್ಯದಲ್ಲಿ ಅಲ್ಲಿ ಕಳ್ಳತನ ಮಿತಿಮೀರಿತ್ತು. ಪೊಲೀಸರು, ಸಂಶೋಧಕರು, ಸ್ಥಳೀಯ ಆಡಳಿತ ಎಲ್ಲ ಸೇರಿ ಮೊದಲು ಮಾಡಿದ ಕೆಲಸ ಕನ್ನ ಬಿದ್ದ ಮನೆಯವರ ಜೊತೆ, ಅವರ ನೆರೆಯವರ ಜೊತೆ, ಸಿಕ್ಕಿಬಿದ್ದ ಕಳ್ಳರ ಜೊತೆ ಕೂತು ಮಾತಾಡಿದ್ದು. ಎರಡು ಸಂಗತಿಗಳು ಎದ್ದು ಕಂಡವು. ಒಂದು, ಅಲ್ಲಿ ಅನೇಕ ಮನೆಗಳ ಗ್ಯಾಸ್ ಮತ್ತು ವಿದ್ಯುತ್ ಮೀಟರುಗಳು ನಾಣ್ಯ ಹಾಕಿ ಬಳಸುವಂಥವು. ಅಂದರೆ ಪ್ರತಿ ಮನೆಯಲ್ಲೂ ಒಂದು ಹುಂಡಿ ಇದ್ದ ಹಾಗೆ. ಎರಡು, ಒಮ್ಮೆ ಕನ್ನ ಬಿದ್ದ ಮನೆಗೆ ಮತ್ತೆ ಕನ್ನ ಬೀಳುವ ಸಂಭವ ಉಳಿದ ಮನೆಗಳಿಗಿಂತ ನಾಲ್ಕು ಪಟ್ಟು ಇತ್ತು.

ಹಾಗಾಗಿ ಅವರು ಇಡೀ ಪ್ರದೇಶಕ್ಕೆ ಕಾವಲು ಹಾಕುವ ಯೋಚನೆ ಬಿಟ್ಟರು. ಕನ್ನ ಬಿದ್ದ ಮನೆಯೇ ಕೇಂದ್ರ. ಅದರ ಬಾಗಿಲು, ಕಿಟಕಿ, ಬೀಗಗಳನ್ನು ಕೂಡಲೇ ಭದ್ರ ಮಾಡಿಕೊಟ್ಟರು. ನಾಣ್ಯದ ಮೀಟರುಗಳನ್ನು ತೆಗೆಸತೊಡಗಿದರು. ಅಕ್ಕಪಕ್ಕದ, ಹಿಂದುಮುಂದಿನ ಆರು ಮನೆಗಳವರ ಬಳಿ ಹೋಗಿ, ಈ ಮನೆಯ ಮೇಲೆ ಒಂದಿಷ್ಟು ಗಮನವಿಡಿ, ಏನಾದರೂ ವಿಚಿತ್ರ ಕಂಡರೆ ತಿಳಿಸಿ ಎಂದು ಕೇಳಿಕೊಂಡರು. ರೇಷ್ಮೆ ಹುಳುವಿನ ಗೂಡಿಗೆ ಹೋಲಿಸಿ ಇದಕ್ಕೆ ‘ಕಕೂನ್’ ಎಂದು ಹೆಸರಿಟ್ಟರು. ಸಾವಿರಾರು ಜನರನ್ನು ಒಟ್ಟುಗೂಡಿಸುವ ಗೋಜಿಲ್ಲ, ಸಮಿತಿ ಇಲ್ಲ, ರಾತ್ರಿ ನಿದ್ದೆಗೆಡುವುದೂ ಇಲ್ಲ. ಆರು ಮನೆ, ಒಂದು ವಿನಂತಿ, ಅಷ್ಟೇ.

1986-87ರಲ್ಲಿ 526 ಇದ್ದ ಮನೆಗಳ್ಳತನ ಮೂರು ವರ್ಷಗಳ ನಂತರ 132ಕ್ಕೆ ಇಳಿಯಿತು. ಮತ್ತೆ ಮತ್ತೆ ಕನ್ನ ಬೀಳುವುದು ಮೊದಲ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ಈ ಇಳಿಕೆಯಲ್ಲಿ ಮೀಟರಿನ ಪಾಲೆಷ್ಟು, ಬೀಗದ ಪಾಲೆಷ್ಟು, ನೆರೆಯವರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ, ಎಲ್ಲವನ್ನೂ ಒಟ್ಟಿಗೇ ಮಾಡಿದ್ದರು. ಇದೇ ಉಪಾಯವನ್ನು ಆಮೇಲೆ ಬೇರೆ ಊರುಗಳಲ್ಲಿ ಮಾಡಿದಾಗ ಎಲ್ಲ ಕಡೆ ಇಷ್ಟು ದೊಡ್ಡ ಫಲ ಸಿಗಲಿಲ್ಲ ಎಂಬುದನ್ನೂ ಹೇಳಬೇಕು.

ಅದೇ ಮನೆಗೆ ಏಕೆ ಮತ್ತೆ ಬರುತ್ತಾರೆ? ಕಳ್ಳನ ಜಾಗದಲ್ಲಿ ನಿಂತು ಯೋಚಿಸಿದರೆ ಅರ್ಥವಾಗುತ್ತದೆ. ಯಾವ ಬಾಗಿಲು ಸಡಿಲ, ನಾಯಿ ಇದೆಯೇ, ಬೀರು ಯಾವ ಕೋಣೆಯಲ್ಲಿ, ಓಡಿಹೋಗಲು ದಾರಿ ಯಾವುದು ಎಲ್ಲ ಈಗ ಗೊತ್ತು. ಕಳೆದ ಬಾರಿ ಹೊರಲಾಗದೆ ಬಿಟ್ಟುಬಂದದ್ದೂ ನೆನಪಿದೆ. ಕದ್ದ ಟೀವಿಯ ಜಾಗಕ್ಕೆ ಹೊಸ ಟೀವಿ ಬಂದಿರುತ್ತದೆ ಎಂಬ ಲೆಕ್ಕವೂ ಇದೆ. ಪಕ್ಕದ ಮನೆಗಳೂ ಒಂದೇ ನಕ್ಷೆಯಲ್ಲಿ ಕಟ್ಟಿದವಾದರೆ ಈ ತಿಳಿವಳಿಕೆ ಅಲ್ಲಿಗೂ ಸಲ್ಲುತ್ತದೆ. ಐದು ದೇಶಗಳ ಹತ್ತು ಪ್ರದೇಶಗಳ ಮಾಹಿತಿಯನ್ನು 2007ರಲ್ಲಿ ಹೋಲಿಸಿ ನೋಡಿದಾಗ, ಕನ್ನ ಬಿದ್ದ ಮನೆಯಿಂದ 200 ಮೀಟರ್ ಒಳಗಿನ ಮನೆಗಳಿಗೆ ಕನಿಷ್ಠ ಎರಡು ವಾರ ಅಪಾಯ ಹೆಚ್ಚಿರುತ್ತದೆ ಎಂದು ತಿಳಿಯಿತು.

ಇದರಲ್ಲಿ ಭಾರತದ ಊರುಗಳು ಇರಲಿಲ್ಲ. ನಮ್ಮ ಮನೆಗಳ ಕಟ್ಟೋಣ, ಒತ್ತೊತ್ತಾದ ಓಣಿಗಳು ಬೇರೆ ಥರ ಎನ್ನುವುದು ನಿಜ. ಆದರೂ ಕಳ್ಳನ ಈ ಲೆಕ್ಕಾಚಾರ ಇಂಗ್ಲೆಂಡಿಗೆ ಮಾತ್ರ ಮೀಸಲು ಎಂದು ನನಗೆ ಅನ್ನಿಸುವುದಿಲ್ಲ.

‘ಇಲ್ಲಿ ತಡೆದರೆ ಪಕ್ಕದ ಬಡಾವಣೆಗೆ ಹೋಗುತ್ತಾರೆ ಅಷ್ಟೇ’ ಎಂಬ ಮಾತನ್ನೂ ಕೇಳಿರುತ್ತೀರಿ. ಇದು ಅರ್ಧ ಸತ್ಯ. ಇಂಥ 102 ಅಧ್ಯಯನಗಳನ್ನು 2009ರಲ್ಲಿ ಪರಿಶೀಲಿಸಿದಾಗ, ನೋಡಿದ ಸಂದರ್ಭಗಳಲ್ಲಿ ಅಪರಾಧ ಪಕ್ಕಕ್ಕೆ ಸರಿದದ್ದು ಸುಮಾರು ಕಾಲು ಭಾಗದಲ್ಲಿ. ಪಕ್ಕದ ಪ್ರದೇಶಕ್ಕೂ ಒಳ್ಳೆಯದಾದದ್ದೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ.

‘ಯಾರೋ ಅನುಮಾನಾಸ್ಪದ ವ್ಯಕ್ತಿ’

ನಮ್ಮ ವಾಟ್ಸಾಪ್ ಗುಂಪಿನ ಮೂರು ವಾರದ ಸಂದೇಶಗಳನ್ನು ಆಮೇಲೊಮ್ಮೆ ಮೇಲಿನಿಂದ ಕೆಳಗೆ ಓದಿದೆ. ಸಂವಹನ ಓದಿದವರಿಗೆ ಇರುವ ಚಟ. ‘ಅನುಮಾನಾಸ್ಪದ’ ಎಂದು ಹಾಕಿದ ಫೋಟೋಗಳಲ್ಲಿ ಇದ್ದವರು ಯಾರು? ಹಳೆ ಪೇಪರು ಕೊಳ್ಳುವವರು, ಪಾರ್ಸೆಲ್ ತಂದ ಹುಡುಗ, ಬುಡಬುಡಿಕೆಯವರು, ಕಟ್ಟಡ ಕೆಲಸಕ್ಕೆ ಬಂದ ಉತ್ತರ ಭಾರತದ ಇಬ್ಬರು. ಪ್ಯಾಂಟು ಶರ್ಟು ಇಸ್ತ್ರಿ ಮಾಡಿಕೊಂಡು ಬೈಕಿನಲ್ಲಿ ಬಂದವರ ಒಂದು ಫೋಟೋವೂ ಇರಲಿಲ್ಲ. ಅಂದರೆ ಕಳ್ಳತನದ ಲಕ್ಷಣ ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. ಬಡತನದ ಲಕ್ಷಣ, ಹೊರಗಿನವರ ಲಕ್ಷಣ ಎಲ್ಲರಿಗೂ ಗೊತ್ತಿತ್ತು.

ಈ ಅಭ್ಯಾಸಕ್ಕೆ ಹಳೆಯ ಬೇರುಗಳಿವೆ. ಬ್ರಿಟಿಷರು 1871ರಲ್ಲಿ ತಂದ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದ ಐದು ವರ್ಷದ ಮೇಲೆ, 1952ರಲ್ಲಿ. ಕಾಯ್ದೆ ಹೋಯಿತು, ಪಟ್ಟಿ ಮನಸ್ಸಿನಲ್ಲಿ ಉಳಿಯಿತು.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ದೇಶದ ತುಂಬ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ನಿಮಗೂ ಬಂದಿರಬಹುದು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಕಿರುಚಿತ್ರ. ಮಗುವನ್ನು ವಾಪಸ್ ತಂದು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಂಚಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆ ಭಾಗದಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಜನ ಕಟ್ಟಿಹಾಕಿ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಅಲೆಮಾರಿ ಸಮುದಾಯದ ಐವರು ಹೀಗೇ ಸತ್ತರು. ಅದೇ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಸ್ನೇಹಿತನ ಊರಿಗೆ ಬಂದಿದ್ದ ಹೈದರಾಬಾದಿನವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಗಲಾಟೆಯಾಯಿತು, ಅವರು ಕಾರು ಹತ್ತಿ ಹೊರಟರು. ಅವರಿಗಿಂತ ಮುಂಚೆ ಮೊಬೈಲಿನ ಸಂದೇಶ ಮುರ್ಕಿ ಎಂಬ ಹಳ್ಳಿಗೆ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟರು, ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು.

ಇಲ್ಲಿ ಹೊಡೆದವರು ಯಾರೂ ಹೆಸರು ನೋಂದಾಯಿಸಿದ ಗಸ್ತು ಪಡೆಯವರಲ್ಲ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎನ್ನಬಹುದು. ಒಪ್ಪುತ್ತೇನೆ. ಆದರೆ ಊರನ್ನು ಕಾಯುತ್ತಿದ್ದೇವೆ ಎಂಬ ನಂಬಿಕೆ ಅವರಿಗೂ ಇತ್ತು. ಯಾರನ್ನು ಗಮನಿಸಬೇಕು, ಕಂಡರೆ ಏನು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ಮೊದಲೇ ತೀರ್ಮಾನವಾಗಿರದ ಕಾವಲು ಜಾರುವುದು ಇದೇ ಇಳಿಜಾರಿನಲ್ಲಿ. ಅಮೆರಿಕದ ಸ್ಯಾನ್‌ಫೋರ್ಡ್ ಪಟ್ಟಣದಲ್ಲಿ 2012ರಲ್ಲಿ 17 ವರ್ಷದ ಟ್ರೇವಾನ್ ಮಾರ್ಟಿನ್‌ನನ್ನು ಗುಂಡಿಟ್ಟು ಕೊಂದವನು ನೆರೆಕಾವಲಿನ ಸ್ವಯಂಸೇವಕನೇ. ಆ ಹುಡುಗನ ಕೈಯಲ್ಲಿ ಆಯುಧ ಇರಲಿಲ್ಲ. ಅವನನ್ನು ಹಿಂಬಾಲಿಸುವ ಅಗತ್ಯ ಇಲ್ಲ ಎಂದು ಪೊಲೀಸ್ ಸಹಾಯವಾಣಿಯವರು ಫೋನಿನಲ್ಲೇ ಹೇಳಿದ್ದರು. ಗುಂಡು ಹಾರಿಸಿದವನನ್ನು ಮರುವರ್ಷ ನ್ಯಾಯಾಲಯ ಖುಲಾಸೆ ಮಾಡಿತು.

ಕಾನೂನು ಎಲ್ಲಿಯವರೆಗೆ ಬಿಡುತ್ತದೆ?

ಗಸ್ತು ತಿರುಗುವ ನಾಗರಿಕರಿಗೆ ಪೊಲೀಸರ ಅಧಿಕಾರ ಬರುವುದಿಲ್ಲ. ಆಧಾರ್ ತೋರಿಸು ಎಂದು ಒತ್ತಾಯಿಸುವ, ಚೀಲ ಬಿಚ್ಚಿಸುವ, ಕೂಡಿಹಾಕುವ ಹಕ್ಕು ಅವರಿಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಒಂದು ಸಣ್ಣ ಅವಕಾಶ ಕೊಡುತ್ತದೆ: ತನ್ನ ಕಣ್ಣೆದುರೇ ಜಾಮೀನುರಹಿತವೂ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದೂ ಆದ ಅಪರಾಧ ಮಾಡಿದವನನ್ನು, ಇಲ್ಲವೇ ಘೋಷಿತ ಅಪರಾಧಿಯನ್ನು ಯಾವುದೇ ನಾಗರಿಕ ಹಿಡಿಯಬಹುದು. ಹಿಡಿದ ಮೇಲೆ ವಿನಾಕಾರಣ ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬರೀ ಅನುಮಾನ ಸಾಲದು. ಹೊಸ ನ್ಯಾಯ ಸಂಹಿತೆಯಲ್ಲಿ ಮೊದಲ ಬಾರಿ ತಪ್ಪು ಮಾಡಿದವನು ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಕದ್ದರೆ ಅದು ಜಾಮೀನು ಸಿಗುವ ಅಪರಾಧ. ಹಾಗಾಗಿ ಚಪ್ಪಲಿ ಕಳ್ಳನನ್ನು ಕಂಬಕ್ಕೆ ಕಟ್ಟಿದವರೇ ಠಾಣೆಯ ಮೆಟ್ಟಿಲು ಹತ್ತಬೇಕಾದೀತು. ಜಾತಿ, ಭಾಷೆ, ಹುಟ್ಟಿದ ಊರು ಮುಂತಾದ ಕಾರಣಕ್ಕೆ ಐವರು ಅಥವಾ ಹೆಚ್ಚು ಜನ ಸೇರಿ ಕೊಂದರೆ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಎಂದು ಅದೇ ಸಂಹಿತೆಯ 103ನೇ ಕಲಂ ಹೇಳುತ್ತದೆ.

ಹಾಗಾದರೆ ಬೀದಿಯವರು ಮಾಡಬಹುದಾದದ್ದೇನು?

1997ರಲ್ಲಿ ಷಿಕಾಗೋ ನಗರದ 343 ನೆರೆಹೊರೆಗಳ 8,782 ನಿವಾಸಿಗಳನ್ನು ಮಾತಾಡಿಸಿದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಅಲ್ಲಿ ಮುಖ್ಯವಾಗಿ ನೋಡಿದ್ದು ಗಸ್ತನ್ನಲ್ಲ. ಶಾಲೆ ತಪ್ಪಿಸಿ ಮಕ್ಕಳು ಬೀದಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಯಾರಾದರೂ ಕೇಳುತ್ತಾರೆಯೇ? ಇಲ್ಲಿಯ ಜನರನ್ನು ನಂಬಬಹುದೇ? ಇಂಥ ಪ್ರಶ್ನೆಗಳು. ‘ಹೌದು’ ಎನ್ನುವವರು ಹೆಚ್ಚಿದ್ದ ನೆರೆಹೊರೆಗಳಲ್ಲಿ, ಬಡತನ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹಿಂಸಾಚಾರ ಕಡಿಮೆ ಇತ್ತು.

ಆದ್ದರಿಂದ ಸರದಿ ಪಟ್ಟಿ ಬರೆಯುವ ಮೊದಲು ಪಕ್ಕದ ಮನೆಯವರ ಫೋನ್ ನಂಬರು ನಿಮ್ಮಲ್ಲಿದೆಯೇ ನೋಡಿಕೊಳ್ಳಿ. ಯಾವುದಾದರೂ ಮನೆಗೆ ಕನ್ನ ಬಿದ್ದರೆ ಮುಂದಿನ ಎರಡು ವಾರ ಆ ಮನೆಯ ಸುತ್ತಲಿನ ಆರು ಮನೆಯವರು ಹಗಲೂ ಗಮನ ಇಡುವಂತೆ ಮಾತಾಡಿಕೊಳ್ಳಿ. ಆ ಮನೆಯ ಚಿಲಕ, ಹಿಂಬಾಗಿಲು, ಸ್ನಾನದ ಮನೆಯ ಕಿಟಕಿ ಅದೇ ವಾರ ರಿಪೇರಿಯಾಗಲಿ. ಮುಂದಿನ ಸಂಬಳ ಬರಲಿ ಎಂದು ಕಾಯುವುದಾದರೆ ಬೀದಿಯವರೇ ಸೇರಿ ಕೈಗಡ ಕೊಡಬಹುದು. ಕೆಟ್ಟ ಬೀದಿ ದೀಪದ ಬಗ್ಗೆ ದೂರು ಕೊಡಿ. ನ್ಯೂಯಾರ್ಕಿನ ಸಾರ್ವಜನಿಕ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಹೆಚ್ಚುವರಿ ದೀಪ ಹಾಕಿ ನೋಡಿದಾಗ ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಸುಮಾರು ಶೇಕಡಾ 36ರಷ್ಟು ಇಳಿದಿತ್ತು. ಬೀಗ ಹಾಕಿ ಊರಿಗೆ ಹೋಗುವಾಗ ಠಾಣೆಗೂ ನೆರೆಯವರಿಗೂ ತಿಳಿಸಿ ಹೋಗಿ. ಬಾಗಿಲಲ್ಲಿ ಬಿದ್ದ ಪೇಪರು, ಹಾಲಿನ ಪ್ಯಾಕೆಟ್ಟು ಎತ್ತಿಡಲು ಒಬ್ಬರಿದ್ದರೆ ಸಾಕು.

ಹಗಲು ಬೀದಿಯಲ್ಲಿ ಇರುವವರು ಯಾರು ಎಂಬುದನ್ನೂ ಮರೆಯಬೇಡಿ. ಮೂಲೆಯ ಇಸ್ತ್ರಿ ಗಾಡಿಯವರು, ಹೂವು ಮಾರುವಾಕೆ, ತರಕಾರಿ ತಳ್ಳುಗಾಡಿಯವರು, ಮನೆಗೆಲಸಕ್ಕೆ ಬರುವವರು, ಜಗಲಿಯಲ್ಲಿ ಕೂರುವ ಅಜ್ಜಿಯರು. ಯಾವ ಮನೆಗೆ ಯಾರು ಬರುತ್ತಾರೆ ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಫೋಟೋ ತೆಗೆದು ಗುಂಪಿಗೆ ಹಾಕುವ ಬದಲು ಅವರ ನಂಬರು ಬರೆದುಕೊಂಡರೆ ಉಪಯೋಗವಿದೆ.

ಇಷ್ಟರ ಮೇಲೂ ರಾತ್ರಿ ಗಸ್ತು ಬೇಕೆಂದರೆ ಮೊದಲು ಠಾಣೆಗೆ ಹೋಗಿ ಬೀಟ್ ಪೊಲೀಸರಿಗೆ ಹೆಸರು, ನಂಬರು, ಸಮಯ ಕೊಟ್ಟು ಬನ್ನಿ. ಬೀದಿ ಬೀದಿ ಸುತ್ತುವ ಬದಲು ಕನ್ನ ಬಿದ್ದ ಮನೆಯ ಆಸುಪಾಸು, ಕತ್ತಲ ತಿರುವು ಇಂಥ ಎರಡು ಮೂರು ಜಾಗಗಳಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿ. ಹೊತ್ತು ದಿನಕ್ಕೊಂದು ಥರ ಇರಲಿ. ಕೋಲು ಮನೆಯಲ್ಲಿ ಬಿಡಿ, ಟಾರ್ಚು, ಫೋನು ಸಾಕು. ಯಾರೋ ಕಾಂಪೌಂಡ್ ಹಾರುತ್ತಿರುವುದು ಕಂಡರೆ ದೂರ ನಿಂತೇ 112ಕ್ಕೆ ಕರೆ ಮಾಡಿ. ವಾಹನದ ನಂಬರು, ಹೋದ ದಿಕ್ಕು, ಹಾಕಿದ್ದ ಬಟ್ಟೆ ನೆನಪಿಟ್ಟುಕೊಳ್ಳಿ. ಗುಂಪಿಗೆ ಸಂದೇಶ ಹಾಕುವುದು ಆಮೇಲೆ. ಹಾಕುವಾಗಲೂ ಕಂಡ ಕೆಲಸವನ್ನು ಬರೆಯಿರಿ, ಕಂಡ ಮುಖವನ್ನಲ್ಲ. ‘12ನೇ ನಂಬರಿನ ಗೇಟಿನ ಬೀಗ ಒಡೆಯುತ್ತಿದ್ದಾರೆ’ ಎಂಬುದು ಮಾಹಿತಿ. ‘ನಮ್ಮ ಕಡೆಯವರ ಹಾಗೆ ಕಾಣುವುದಿಲ್ಲ’ ಎಂದು ಯಾರಾದರೂ ಬರೆದರೆ ಅಡ್ಮಿನ್ ಆದವರು ಅದನ್ನು ಆಗಲೇ ಅಳಿಸಿ, ಬರೆದವರಿಗೆ ಫೋನ್ ಮಾಡಿ ನಿಜಕ್ಕೂ ಕಂಡದ್ದೇನು ಎಂದು ಕೇಳಬೇಕು.